ಪಾಲು, ಖುಲಾಸೆ, ಬಿಕ್ಕಲಂ

ಓದುಗರ ಪ್ರಶ್ನೆ: ಹಳೇ ಆಸ್ತಿ ಪತ್ರಗಳ ಭಾಷೆ, ಪದ್ಧತಿ, ಕಾನೂನು
(ಉತ್ತರ: ಬೆಂಗಳೂರಿನ ನಿವೃತ್ತ ಪತ್ರ ಬರಹಗಾರರಿಂದ)

ಪ್ರಶ್ನೆ: ಅಮ್ಮನ ತವರಿನ ಟ್ರಂಕಿನಲ್ಲಿ 1941ರ ಒಂದು ಪಾಲು ಪಾರೀಖತ್ತು (ಆಸ್ತಿ ಪಾಲು ಮಾಡಿಕೊಂಡ ಪತ್ರ) ಸಿಕ್ಕಿತು. ಯಲಹಂಕದ ಕಡೆಯ ಜಮೀನಿನದು. ಅದರಲ್ಲಿ ನಮ್ಮ ತಾತನ ಮದುವೆಯಾಗದ ತಂಗಿಗೂ ಹತ್ತು ಗುಂಟೆ ಬಿಟ್ಟಿದ್ದಾರೆ. ಆ ಕಾಲಕ್ಕೇ ಹೆಣ್ಣಿಗೆ ಪಾಲಿತ್ತಾ? ಇನ್ನೊಂದು ವಿಷಯ. ತಾತನ ಭಾಗಕ್ಕೆ ಬಂದ 3 ಎಕರೆ ಇನ್ನೂ ಪಾಲಾಗಿಲ್ಲ. ಈಗ ಇಬ್ಬರು ಮಾವಂದಿರು ಅಮ್ಮನಿಗೆ ಹಕ್ಕು ಖುಲಾಸೆ ಪತ್ರಕ್ಕೆ (ಹಕ್ಕು ಬಿಟ್ಟುಕೊಡುವ ಪತ್ರ) ಸಹಿ ಹಾಕು ಎನ್ನುತ್ತಿದ್ದಾರೆ. ಅಮ್ಮನ ಮದುವೆ ಆಗಿದ್ದು 1989ರಲ್ಲಿ. ತಾತ ತೀರಿಕೊಂಡಿದ್ದು 1996ರಲ್ಲಿ, ಅಜ್ಜಿ ಅದಕ್ಕೂ ಮೊದಲೇ. "ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದೇ ಸಾಕು, ನನಗೆ ತವರು ಬೇಕು" ಅಂತಾಳೆ ಅಮ್ಮ. ಏನು ಮಾಡಲಿ?
— ಓದುಗರು, ಬಸವನಗುಡಿ

ಉತ್ತರ: ಮೊದಲು ಆ ಪತ್ರಕ್ಕೆ ಒಂದು ಪ್ಲಾಸ್ಟಿಕ್ ಕವರ್ ಹಾಕಿ ಎತ್ತಿಡಿ. ಮಡಿಕೆ ಇರುವ ಕಡೆ ಕಾಗದ ಬೇಗ ಹರಿಯುತ್ತದೆ.

ಹೌದು, ಆ ಕಾಲಕ್ಕೇ ಪಾಲಿತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿಗೆ ಅಂತ ಒಂದು ಕಾನೂನು ತಂದಿತ್ತು. ಅಣ್ಣತಮ್ಮಂದಿರು ಪಾಲಾಗುವಾಗ ತಾಯಿಗೆ, ಮದುವೆಯಾಗದ ತಂಗಿಗೆ ಒಂದು ಭಾಗ ಬಿಡಬೇಕಿತ್ತು. ಗಂಡುಮಕ್ಕಳ ಪಾಲಿಗೆ ಸಮ ಅಲ್ಲ, ಕಡಿಮೆಯೇ. ಆದರೂ ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಆಸ್ತಿ ಹಕ್ಕಿನ ಕಾನೂನು ಬಂದದ್ದು 1937ರಲ್ಲಿ. ಅದಕ್ಕಿಂತ ನಾಲ್ಕು ವರ್ಷ ಮೊದಲು ನಮ್ಮಲ್ಲಿ ಬಂದಿತ್ತು. ಇನ್ನೊಂದು ಗಮನಿಸಿ. ಆಗ ಬೆಂಗಳೂರೇ ಎರಡಾಗಿತ್ತು. ಪೇಟೆ, ಬಸವನಗುಡಿ, ಯಲಹಂಕ ಮಹಾರಾಜರ ಆಡಳಿತದಲ್ಲಿದ್ದವು. ದಂಡು ಪ್ರದೇಶ 1947ರವರೆಗೂ ಬ್ರಿಟಿಷರ ಕೈಯಲ್ಲಿತ್ತು. ಮೈಸೂರಿನ ಕಾನೂನು ಅಲ್ಲಿಗೆ ತಾನಾಗಿ ಹೋಗುತ್ತಿರಲಿಲ್ಲ. ಹಳೇ ಪತ್ರ ಓದುವಾಗ ಆಸ್ತಿ ಯಾವ ಕಡೆಯದು ಅಂತ ನಾನು ಮೊದಲು ನೋಡುತ್ತಿದ್ದದ್ದು ಇದಕ್ಕೇ.

ಆ ಹತ್ತು ಗುಂಟೆ ಯಾರೋ ಅಣ್ಣ ಕರುಣೆಯಿಂದ ಕೊಟ್ಟದ್ದಲ್ಲ. ಅದು ಅವರ ಹಕ್ಕಾಗಿತ್ತು. ನಿಮ್ಮ ಅಮ್ಮನಿಗೆ ಇದನ್ನು ಮೊದಲು ಹೇಳಿ.

ಈಗ ಅಮ್ಮನ ವಿಷಯ. ಹಂತ ಹಂತವಾಗಿ ಹೇಳುತ್ತೇನೆ, ನಿಧಾನವಾಗಿ ಓದಿ. 1956ರ ಹಿಂದೂ ಉತ್ತರಾಧಿಕಾರ ಕಾನೂನಿನಲ್ಲಿ ಪಿತ್ರಾರ್ಜಿತ ಆಸ್ತಿಗೆ ಹುಟ್ಟಿನಿಂದ ಹಕ್ಕುದಾರರು ಗಂಡುಮಕ್ಕಳು ಮಾತ್ರ. ತಂದೆ ತೀರಿದಾಗ ಮೊದಲು ತಂದೆಗೂ ಗಂಡುಮಕ್ಕಳಿಗೂ ಪಾಲು ಹಾಕಿ, ಆಮೇಲೆ ತಂದೆಯ ಪಾಲನ್ನು ಎಲ್ಲಾ ಮಕ್ಕಳಿಗೆ ಹಂಚಬೇಕಿತ್ತು. ನಿಮ್ಮ ಲೆಕ್ಕಕ್ಕೆ ಬನ್ನಿ. 3 ಎಕರೆ ಅಂದರೆ 120 ಗುಂಟೆ. ತಾತನಿಗೆ 40, ಇಬ್ಬರು ಮಾವಂದಿರಿಗೆ 40, 40. ತಾತನ 40ರಲ್ಲಿ ಮೂರನೇ ಒಂದು ಭಾಗ ಅಮ್ಮನಿಗೆ. ಅಂದರೆ ಹದಿಮೂರು ಗುಂಟೆ ಚಿಲ್ಲರೆ.

1994ರಲ್ಲಿ ಕರ್ನಾಟಕ ಸರ್ಕಾರ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ತಿದ್ದುಪಡಿ ತಂದಿತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದವರಿಗೆ ಇಲ್ಲ ಎಂದಿತು. ನಿಮ್ಮ ಅಮ್ಮನಂಥ ಎಷ್ಟೋ ಜನ ಐದಾರು ವರ್ಷದ ಅಂತರದಲ್ಲಿ ಹೊರಗೆ ಉಳಿದರು. ಆಗ ನನ್ನ ಬೆಂಚಿನ ಹತ್ತಿರ ಬಂದು "ನಂದೇನು ತಪ್ಪು ಸ್ವಾಮಿ, ಮದ್ವೆ ಬೇಗ ಆಗಿದ್ದೇ ತಪ್ಪಾ?" ಅಂತ ಕೇಳಿದ ಹೆಂಗಸರ ಮುಖ ನನಗೆ ಇನ್ನೂ ನೆನಪಿದೆ. ಉತ್ತರ ಇರಲಿಲ್ಲ.

ಉತ್ತರ ಬಂದದ್ದು 2005ರ ಸೆಪ್ಟೆಂಬರ್ 9ಕ್ಕೆ. ಕೇಂದ್ರದ ತಿದ್ದುಪಡಿ ಆ ಮದುವೆಯ ಅಡ್ಡಿಯನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕಾ ಬೇಡವಾ ಅಂತ ಮತ್ತೆ ಹದಿನೈದು ವರ್ಷ ಜಗ್ಗಾಟ ನಡೆಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ತಂದೆ ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ, ಅಥವಾ ಮಾರಾಟ, ಉಯಿಲು ಮುಂತಾದ ವಿಲೇವಾರಿ ಆಗಿದ್ದರೆ ಮಾತ್ರ ಅದನ್ನು ಕೆದಕುವ ಹಾಗಿಲ್ಲ. ನಿಮ್ಮಲ್ಲಿ ಪಾಲೇ ಆಗಿಲ್ಲ ಎನ್ನುತ್ತೀರಿ. ಹಾಗಾದರೆ ಅಮ್ಮನದು ಹದಿಮೂರು ಗುಂಟೆ ಅಲ್ಲ, 40 ಗುಂಟೆ. ಪೂರ್ತಿ ಒಂದು ಎಕರೆ. ಇ.ಸಿ. (ಆಸ್ತಿಯ ಮೇಲೆ ಆದ ನೋಂದಣಿಗಳನ್ನು ತೋರಿಸುವ ಋಣಭಾರ ಪತ್ರ) ತೆಗೆಸಿ, ನಡುವೆ ಏನೂ ನೋಂದಣಿ ಆಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಇನ್ನು ಸಹಿ. ಖುಲಾಸೆ ಪತ್ರದಲ್ಲಿ ಒಂದು ಸಾಲು ಇದ್ದೇ ಇರುತ್ತಿತ್ತು. "ನನಗೆ ಅರಿಶಿನ ಕುಂಕುಮದ ಬಾಬ್ತು ಸಲ್ಲಬೇಕಾದ್ದೆಲ್ಲಾ ಸಂದಾಯವಾಗಿದ್ದು, ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವ ಹಕ್ಕೂ ಇರುವುದಿಲ್ಲ." ಈ ಸಾಲನ್ನು ನಾನು ನೂರಾರು ಸಲ ಬರೆದಿದ್ದೇನೆ. ಮೊದಲು ಮಸಿ ಪೆನ್ನಿನಲ್ಲಿ, ಆಮೇಲೆ ಕನ್ನಡ ಟೈಪ್‌ರೈಟರ್‌ನಲ್ಲಿ, ಕೊನೆಗೆ ಕಂಪ್ಯೂಟರಿನಲ್ಲಿ. ಅಣ್ಣತಮ್ಮಂದಿರು ಕಚೇರಿ ಬಾಗಿಲಲ್ಲಿ ನಿಂತಿರುತ್ತಿದ್ದರು. ಹೆಣ್ಣುಮಗಳು ಸೀದಾ ಬಸ್ಸಿನಿಂದ ಇಳಿದು ಬರುತ್ತಿದ್ದಳು. ನಾನು ಹೆಬ್ಬೆಟ್ಟನ್ನು ಮಸಿ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಒಂದು ಸಲ ಹೊರಳಿಸುತ್ತಿದ್ದೆ. ಆಮೇಲೆ ಹೋಟೆಲಿನಲ್ಲಿ ದೋಸೆ, ಕಾಫಿ. ಒಂದು ಸೀರೆ. ಸಂಜೆ ಬಸ್ಸಿಗೆ ವಾಪಸ್ಸು.

ನನ್ನ ಅಕ್ಕನ ಖುಲಾಸೆ ಪತ್ರವನ್ನೂ ನಾನೇ ಬರೆದೆ, 1991ರಲ್ಲಿ. "ಏನು ಬರೆದಿದೀಯೋ, ಓದು" ಅಂದಳು. "ಮಾಮೂಲಿ ಅಕ್ಕ, ಎಲ್ಲರಿಗೂ ಬರೆಯೋದೇ" ಅಂದೆ. ಓದಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ. ಮುಂದೆ ಕಾನೂನು ಬದಲಾದಾಗ ನನಗೆ ಆ ಮಾತು ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಒಂದು ಭಾನುವಾರ ಆ ಪತ್ರದ ನಕಲು ಹಿಡಿದು ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಪೂರ್ತಿ ಓದಿದೆ, ಒಂದು ಸಾಲೂ ಬಿಡದೆ. "ನನ್ನ ವಾರಸುದಾರರಿಗಾಗಲೀ" ಅನ್ನುವಲ್ಲಿ ಅವಳ ಕೈ ನಿಂತಿತು. "ಮಕ್ಕಳದ್ದೂ ಸೇರಿಸಿ ಬರೆದಿದ್ದೆಯಾ?" ಅಂದಳು. ಅಷ್ಟೇ ಕೇಳಿದ್ದು. ಆ ವರ್ಷವೇ ನಾನೂ ತಮ್ಮನೂ ಕೂತು ಮಾತಾಡಿ ಅವಳ ಹೆಸರಿಗೆ ಒಂದು ಸೈಟು ಬರೆದುಕೊಟ್ಟೆವು. ಕಾನೂನಿನ ಪ್ರಕಾರ ನಾವು ಕೊಡಬೇಕಿರಲಿಲ್ಲ. ಅವಳ ಹೆಬ್ಬೆಟ್ಟು ಆಗಲೇ ಬಿದ್ದಿತ್ತು.

ಅದಕ್ಕೇ ನಿಮಗೆ ಹೇಳುವುದು, ಅಮ್ಮ ಸಹಿ ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಒಂದು ಎಕರೆ ತಮ್ಮಂದಿರಿಗೆ ಬಿಡಬೇಕು ಅನ್ನುವುದು ಅವರ ಮನಸ್ಸಿದ್ದರೆ ಬಿಡಲಿ. ಆದರೆ ಒಂದು ಎಕರೆ ಬಿಡುತ್ತಿದ್ದೇನೆ ಅಂತ ಗೊತ್ತಿದ್ದು ಬಿಡಲಿ. ಪತ್ರದ ಕರಡನ್ನು ಒಂದು ವಾರ ಮೊದಲೇ ಮನೆಗೆ ತರಿಸಿ. ನೀವೇ ಜೋರಾಗಿ ಓದಿ ಹೇಳಿ. ರಿಜಿಸ್ಟರ್ ಆದ ಮೇಲೆ ಸಬ್ ರಿಜಿಸ್ಟ್ರಾರ್ ಅದನ್ನು ರದ್ದು ಮಾಡಲಾರರು. ಸಿವಿಲ್ ಕೋರ್ಟಿಗೇ ಹೋಗಬೇಕು, ಮೋಸ ಗೊತ್ತಾದ ಮೂರು ವರ್ಷದೊಳಗೆ. ಇನ್ನೊಂದು ಮಾತು ಮಾವಂದಿರ ಜೊತೆ ಆಡಿ ನೋಡಿ: ಖುಲಾಸೆಯ ಬದಲು ಮೂರು ಜನವೂ ಸೇರಿ ಒಂದು ವಿಭಾಗ ಪತ್ರ ಮಾಡಿಸಬಹುದಲ್ವಾ? ಅಮ್ಮನಿಗೆ ಪೂರ್ತಿ 40 ಗುಂಟೆ ಬೇಡದಿದ್ದರೆ ಕಡಿಮೆ ತೆಗೆದುಕೊಳ್ಳಬಹುದು. ಹೆಸರಂತೂ ಪಾಲುದಾರರ ಸಾಲಿನಲ್ಲಿ ಇರುತ್ತದೆ. ಅವರ ಸೋದರತ್ತೆಯ ಹೆಸರು 1941ರಲ್ಲಿ ಇದ್ದ ಹಾಗೆ.

ಪ್ರಶ್ನೆ: ನನ್ನ ಹೆಸರಿನ ಮನೆಯ 1974ರ ಕ್ರಯಪತ್ರದಲ್ಲಿ "ಮೈನರ್ ಗಾರ್ಡಿಯನ್ ತಂದೆ" ಎಂದಿದೆ. ಅಪ್ಪ ಆಗಲೇ ನಮ್ಮನ್ನು ಬಿಟ್ಟು ಬೇರೆ ಊರಿನಲ್ಲಿದ್ದರು. ದುಡ್ಡು ಹೊಂದಿಸಿದ್ದು ಅಮ್ಮ. ಅಮ್ಮನ ಹೆಸರು ಯಾಕೆ ಹಾಕಲಿಲ್ಲ?
— ಓದುಗರು, ಮಲ್ಲೇಶ್ವರ

ಉತ್ತರ: 1956ರಲ್ಲೇ ಬಂದ ಇನ್ನೊಂದು ಕಾನೂನು, ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾನೂನಿನಲ್ಲಿ ಅಪ್ರಾಪ್ತ ವಯಸ್ಸಿನ ಮಗುವಿನ ಆಸ್ತಿಗೆ ಪೋಷಕ ತಂದೆ, "ಅವನ ನಂತರ" ತಾಯಿ ಎಂದಿತ್ತು. "ನಂತರ" ಅಂದರೆ ಸತ್ತ ನಂತರ ಅಂತಲೇ ನಾವೆಲ್ಲ ಓದಿಕೊಂಡಿದ್ದೆವು. ಅಪ್ಪ ಎಲ್ಲಿದ್ದರೂ ಸರಿ, ಕರೆತಂದು ಸಹಿ ಹಾಕಿಸುತ್ತಿದ್ದರು. ಲೇಖಕಿ ಗೀತಾ ಹರಿಹರನ್ 1984ರಲ್ಲಿ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಅರ್ಜಿ ಹಾಕಿದಾಗ ಅವರಿಗೂ ತಂದೆಯ ಸಹಿ ಬೇಕು ಎಂದರು. ಅವರು ಬಿಡಲಿಲ್ಲ. 1999ರಲ್ಲಿ ಸುಪ್ರೀಂ ಕೋರ್ಟು ಆ ಪದಕ್ಕೆ ಬೇರೆ ಅರ್ಥ ಹೇಳಿತು. ತಂದೆ ದೂರವಿದ್ದರೆ, ಮಗುವಿನ ಕಡೆ ತಿರುಗಿಯೂ ನೋಡದಿದ್ದರೆ, ಆಗಲೂ ತಾಯಿಯೇ ಪೋಷಕಿ ಎಂದಿತು. ಕಾನೂನಿನ ಅಕ್ಷರ ಹಾಗೇ ಇದೆ, ಅರ್ಥ ಬದಲಾಯಿತು. ನಿಮ್ಮ ಅಮ್ಮನಿಗೆ ಅದು 25 ವರ್ಷ ತಡವಾಗಿ ಬಂತು. ನಿಮ್ಮ ಪತ್ರಕ್ಕೆ ಅದರಿಂದ ಏನೂ ತೊಂದರೆ ಇಲ್ಲ.

ಪ್ರಶ್ನೆ: ಹಳೇ ಪತ್ರಗಳ ಕೊನೆಯಲ್ಲಿ "ಬಿಕ್ಕಲಂ" ಅಂತ ಇರುತ್ತದೆ. ಹೆಸರುಗಳ ನಡುವೆ "ಬಿನ್", "ಕೋಂ" ಅಂತಲೂ ಇರುತ್ತದೆ. ಏನಿದು?
— ಓದುಗರು, ಕೆಂಗೇರಿ

ಉತ್ತರ: ಬಿನ್ ಅಂದರೆ ಇಂಥವರ ಮಗ, ಅರಬ್ಬಿಯ ಮಾತು. ಕೋಂ ಅಂದರೆ ಇಂಥವರ ಹೆಂಡತಿ. ಖುಲಾಸೆ, ದಸ್ತಾವೇಜು, ಚಕ್ಕುಬಂದಿ, ಖರಾಬು, ಪಾರೀಖತ್ತು ಎಲ್ಲಾ ಹೀಗೇ ಪಾರಸಿ, ಅರಬ್ಬಿ ಕಡೆಯಿಂದ ಹಳೇ ಕಚೇರಿಗಳ ಮೂಲಕ ನಮ್ಮ ಬಾಯಿಗೆ ಬಂದವು. ಶಾನುಭೋಗರ ಹುದ್ದೆಯೇ ಹೋಯಿತು, ಅವರು ಬರೆದ ಮಾತು ಇನ್ನೂ ಇದೆ.

ಬಿಕ್ಕಲಂ ಅಂದರೆ ಕಲಮಿನಿಂದ, ಅಂದರೆ ಬರೆದವರು. ಪತ್ರ ಬರೆದವನು ಸಾಕ್ಷಿಗಳ ಕೆಳಗೆ ಆ ಮಾತು ಹಾಕಿ ತನ್ನ ಹೆಸರು ಬರೆಯಬೇಕಿತ್ತು. ಮುಂದೆ ತಕರಾರು ಬಂದರೆ ಕೋರ್ಟಿನಲ್ಲಿ "ನಾನೇ ಬರೆದದ್ದು, ಓದಿ ಹೇಳಿದ್ದೇನೆ" ಅಂತ ಸಾಕ್ಷಿ ಹೇಳಲು ಅವನನ್ನೇ ಕರೆಯುತ್ತಿದ್ದರು. ಈಗ ಆ ಜಾಗದಲ್ಲಿ "ಕರಡು ತಯಾರಿಸಿದವರು" ಅಂತ ಒಂದು ಸೀಲು ಬೀಳುತ್ತದೆ.

ನಿಮ್ಮ ಪತ್ರ ಹರಿದಿದ್ದರೆ ಹಿಂಬದಿ ನೋಡಿ. ನೋಂದಣಿ ಸಂಖ್ಯೆ, 1ನೇ ಪುಸ್ತಕ, ಸಂಪುಟ, ಪುಟ, ವರ್ಷ ಬರೆದಿರುತ್ತಾರೆ. ಅದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಷ್ಟಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಬಹುದು. ನಕಲು ಕೈಗೆ ಬಂದಾಗ ಬಿಕ್ಕಲಂ ಮುಂದಿನ ಹೆಸರು ಓದಲು ಆಗದಿದ್ದರೆ ಫೋಟೋ ಕಳಿಸಿ. ನಮ್ಮ ಕಡೆಯ ಹಳೇ ಕೈಬರಹಗಳು ನನಗೆ ಗುರುತು ಸಿಗುತ್ತವೆ.