ಮನೆಯಲ್ಲಿ ಯಾರೂ ಹೇಳದ ಬ್ರ್ಯಾಂಚಿನ ಹೆಸರು

"ಸಿಎಸ್ ಸಿಗಲಿಲ್ಲ ಮೇಡಂ, ಇಸಿ ತಗೊಂಡೆ." ಇಂಜಿನಿಯರಿಂಗಿನಲ್ಲಿ ಸಿಎಸ್ ಅಂದರೆ ಕಂಪ್ಯೂಟರ್ ಸೈನ್ಸ್, ಇಸಿ ಅಂದರೆ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ವರ್ಷಕ್ಕೆ ಏಳೆಂಟು ಮಕ್ಕಳಾದರೂ ಸಲಹೆ ಕೇಳಲು ಬಂದು, ನನ್ನ ಮುಂದೆ ಕೂತು ಈ ಮಾತು ಹೇಳುತ್ತಾರೆ. ಮದುವೆಮನೆಯಲ್ಲಿ ಕೊನೇ ಪಂಕ್ತಿಗೆ ಕೂತು, ಹೋಳಿಗೆ ಖಾಲಿಯಾಗಿ ಬರೀ ಅನ್ನ ಸಾರು ಉಂಡು ಬಂದವರ ಧಾಟಿ.

ಈ ಹುಡುಗ ಐದನೇ ಸೆಮಿಸ್ಟರ್. ಹೆಸರು, ಊರು ಬೇಡ. ಅಪ್ಪನದು ಕಿರಾಣಿ ಅಂಗಡಿ. ದೊಡ್ಡಪ್ಪನ ಮಗ ಸಿಎಸ್ ಓದಿ ಕೆಲಸಕ್ಕೆ ಸೇರಿಯಾಗಿದೆ. ಇವನಿಗೆ ಎರಡು ಬ್ಯಾಕ್‌ಲಾಗ್, ಅಂದರೆ ಫೇಲಾಗಿ ಬಾಕಿ ಉಳಿದ ಪೇಪರ್: ಸಿಗ್ನಲ್ಸ್ ಮತ್ತು ಫೀಲ್ಡ್ಸ್. ಪಿಜಿಯಲ್ಲಿ ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ.

ಮೊದಲ ಎರಡು ಸಲವೂ ಒಂದೇ ಪ್ರಶ್ನೆ. "ಇಸಿಗೆ ಸ್ಕೋಪ್ ಇದೆಯಾ?" ನಾನು ಇಂಜಿನಿಯರ್ ಅಲ್ಲ, ಆದರೂ ಉತ್ಸಾಹದಿಂದ ಹೇಳಿದೆ. ಸೇನೆಗೆ ಎಲೆಕ್ಟ್ರಾನಿಕ್ಸ್ ಮಾಡಿಕೊಡುವ ಬಿಇಎಲ್ 1954ರಲ್ಲಿ ಹುಟ್ಟಿದ್ದು ಈ ಬೆಂಗಳೂರಲ್ಲೇ. ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಇಲ್ಲಿಗೆ ಬಂತು. ಇಸ್ರೊ ಇದೆ, ಚಿಪ್ ಡಿಸೈನ್ ಇದೆ, ಕಾರಿನೊಳಗಿನ ಎಂಬೆಡೆಡ್ ಕೆಲಸ ಇದೆ, ಗೇಟ್ ಪರೀಕ್ಷೆ ಬರೆದು ಎಂಟೆಕ್ ಮಾಡಬಹುದು, ಸಾಫ್ಟ್‌ವೇರ್ ಕಂಪನಿಗಳೂ ಇಸಿಯವರನ್ನು ತಗೊಳ್ತವೆ. ತಲೆಯಾಡಿಸಿದ. ಒಂದೂ ಒಳಗಿಳಿಯಲಿಲ್ಲ. ತಪ್ಪು ನನ್ನದೇ. ಅವನು ಕೇಳುತ್ತಿದ್ದದ್ದು ಕೆಲಸದ ವಿಷಯವೇ ಆಗಿರಲಿಲ್ಲ.

ಮೂರನೇ ಸಲ ಬಂದಾಗ, ಏಳುವ ಹೊತ್ತಿಗೆ ಸುಮ್ನೆ ಒಂದು ಮಾತು ಬಿಟ್ಟ. "ನಮ್ಮನೇಲಿ ಯಾರೂ ನನ್ನ ಬ್ರ್ಯಾಂಚಿನ ಹೆಸರೇ ಹೇಳಲ್ಲ ಮೇಡಂ. ಯಾರಾದರೂ ಕೇಳಿದರೆ, ಇಂಜಿನಿಯರಿಂಗ್ ಮಾಡ್ತಿದ್ದಾನೆ ಅಂತಾರೆ. ಅಷ್ಟೇ."

ಕೂರಪ್ಪಾ ಅಂದೆ. ಮುಂದಿನವರನ್ನು ಹೊರಗೆ ಕಾಯಿಸಿದೆ.

"ಸರಿ, ನನಗೆ ಹೇಳು. ಏನು ಓದ್ತೀಯ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನನ್ನ ಪ್ಯಾಡ್ ಎಳೆದುಕೊಂಡು ಒಂದು ಬ್ಯಾಟರಿ, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಬರೆದ. "ಇದು ಹತ್ತು ಕಿಲೋ ಓಮ್, ಇದು ನೂರು ಮೈಕ್ರೋಫ್ಯಾರಡ್. ಎರಡನ್ನೂ ಗುಣಿಸಿದರೆ ಒಂದು ಸೆಕೆಂಡ್. ಆ ಒಂದು ಸೆಕೆಂಡಲ್ಲಿ ಕೆಪಾಸಿಟರಲ್ಲಿ 63 ಪರ್ಸೆಂಟ್ ಚಾರ್ಜ್ ತುಂಬುತ್ತೆ. ಆಮೇಲೆ ನಿಧಾನ. ಐದು ಸೆಕೆಂಡಿಗೆ ಹೆಚ್ಚುಕಮ್ಮಿ ಫುಲ್." ಕೊಡಕ್ಕೆ ನೀರು ಬಿಟ್ಟ ಹಾಗಾ ಅಂದೆ. "ಅಲ್ಲ ಮೇಡಂ. ಕೊಡ ತುಂಬುತ್ತಾ ಬಂದ ಹಾಗೆ ನಲ್ಲಿ ತಾನೇ ಸಣ್ಣ ಆಗ್ತಾ ಹೋಗುತ್ತಲ್ಲ, ಹಾಗೆ." ಗೆರೆ ಎಳೆದು ತೋರಿಸಿದ. ಇದು ಯಾವ ಪೇಪರಲ್ಲಿ ಬರುತ್ತೆ ಅಂತ ಕೇಳಿದೆ. ಪೆನ್ನು ಕೆಳಗಿಟ್ಟ. "ಇದೇ ಗೆರೆ ಸಿಗ್ನಲ್ಸಲ್ಲೂ ಬರುತ್ತೆ. ಫೇಲ್ ಆಗಿದೀನಲ್ಲ, ಅದರಲ್ಲಿ."

ನಿನ್ನಲ್ಲಿ ಪ್ರತಿಭೆಯಿದೆ ಎಂದೆಲ್ಲ ನಾನು ಹೇಳಲಿಲ್ಲ. ಒಂದು ಚಿತ್ರ ಬರೆದವನು ಪೇಪರ್ ಪಾಸಾಗಿಬಿಡುತ್ತಾನೆ ಅಂತೇನಿಲ್ಲ.

ಹೇಳಿದ್ದು ಎರಡು. ಒಂದು, ಹೊರಗಿನ ವಿಎಲ್‌ಎಸ್‌ಐ ಕೋರ್ಸಿಗೆ, ಅಂದರೆ ಚಿಪ್ ಡಿಸೈನ್ ಕಲಿಸುವ ಕೋರ್ಸಿಗೆ, ಈಗಲೇ ಸೇರಬೇಡ. ಫೀಸು ಲಕ್ಷದ ಮೇಲೆ, ಅಮ್ಮ ಬಳೆ ಅಡವಿಡಲು ತಯಾರಾಗಿದ್ದರು. ಇದಕ್ಕೆ ಅವನ ಅಪ್ಪ ಫೋನಲ್ಲಿ ನನ್ನ ಮೇಲೆ ರೇಗಿದರು. "ಮಗ ಮೇಲೆ ಬರೋದು ನಿಮಗೆ ಬೇಡವಾ?" ಬೇಕು. ಆದರೆ ಅಲ್ಲಿ ಚಿಪ್ ಡಿಸೈನಿಗೆ ಬಳಸುವ ವೆರಿಲಾಗ್ ಭಾಷೆ ಕಲಿಸುತ್ತಾರೆ, ಇಂಟರ್‌ವ್ಯೂನಲ್ಲಿ ಫ್ಲಿಪ್-ಫ್ಲಾಪು, ಸೆಟಪ್ ಟೈಮು, ಇದೇ ರೆಸಿಸ್ಟರ್ ಕೆಪಾಸಿಟರು, ಇಂಥ ಬೇಸಿಕ್ ವಿಷಯ ಕೇಳುತ್ತಾರೆ. ಆ ಕೆಲಸದಲ್ಲಿರುವ ಗೆಳತಿಯನ್ನು ವಿಚಾರಿಸಿಯೇ ಹೇಳಿದ್ದು. ಇವೆಲ್ಲ ಅವನ ಕಾಲೇಜು ಪುಸ್ತಕದಲ್ಲೇ ಇವೆ. ಎರಡು ಬ್ಯಾಕ್‌ಲಾಗ್ ಇಟ್ಟುಕೊಂಡು ಬಳೆ ಅಡವಿಟ್ಟರೆ, ಬಳೆಯ ಚಿಂತೆ ಮೂರನೇ ಬ್ಯಾಕ್‌ಲಾಗ್ ಆಗುತ್ತದೆ. ಪೇಪರ್ ಮುಗಿಸಲಿ, ಆಮೇಲೆ ಸೇರಲಿ. ನಾನೇನೂ ಅಡ್ಡ ಬರುವುದಿಲ್ಲ.

ಎರಡನೆಯದು ಅವನಿಗೆ ಕಷ್ಟ ಆಯಿತು. ಅಪ್ಪ ಅಂಗಡಿ ಸಾಮಾನಿಗೆ ಬೆಂಗಳೂರಿಗೆ ಬಂದಾಗ ಅವರನ್ನು ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಕರಕೊಂಡು ಹೋಗು ಅಂದೆ. ಆ ಇಕ್ಕಟ್ಟು ಅಂಗಡಿಗಳಲ್ಲಿ ಬ್ರೆಡ್‌ಬೋರ್ಡ್, ಕೆಪಾಸಿಟರ್ ನೀನೇ ಕೇಳಿ ತಗೋ, ಅವರು ಪಕ್ಕದಲ್ಲಿ ನಿಂತಿರಲಿ. ಪೋಷಕರಿಗೆ ಬ್ರ್ಯಾಂಚ್ ಅಂದರೆ ಸೀಟು ಹಂಚಿಕೆ ಪಟ್ಟಿಯಲ್ಲಿನ ಎರಡಕ್ಷರ. ಬಯ್ಯುವವರಿಗಿಂತ, ಹೆಸರೆತ್ತದೆ ಸುಮ್ಮನಿರುವ ಪೋಷಕರೇ ಮಕ್ಕಳನ್ನು ಜಾಸ್ತಿ ಕುಗ್ಗಿಸುತ್ತಾರೆ. ಇದು ನನ್ನ ಅನುಭವ, ಒಪ್ಪದವರು ಇರಬಹುದು.

ಹೋಗಿ ಬಂದರಂತೆ. ಅಪ್ಪ ಎಲ್ಲದಕ್ಕೂ ಚೌಕಾಸಿ ಮಾಡಿ ಅವನ ಮಾನ ತೆಗೆದರಂತೆ. ಹೇಳುವಾಗ ನಗುತ್ತಿದ್ದ.

ಸಿಗ್ನಲ್ಸ್ ಪಾಸಾಯಿತು. ಫೀಲ್ಡ್ಸ್ ಇನ್ನೂ ಬಾಕಿ.