ಎದುರಾಳಿ ಹೋದರೂ ಸಿಟ್ಟು ಹೋಗದು

ಪ್ರಶ್ನೆ: ಪಕ್ಕದ ಮನೆಯ ಹುಂಜವನ್ನು ಓಡಿಸಿದ ಮೇಲೂ ನಮ್ಮ ಹುಂಜ ಬಹಳ ಹೊತ್ತು ಸಿಕ್ಕವರನ್ನೆಲ್ಲ ಕುಕ್ಕುತ್ತದೆ. ಎದುರಾಳಿಯೇ ಇಲ್ಲದ ಮೇಲೆ ಸಿಟ್ಟು ಉಳಿಯುವುದು ಹೇಗೆ ಸಾರ್?
– ಓದುಗರೊಬ್ಬರು, ಶಿರಸಿ

ಉತ್ತರ: ಹುಂಜ ಪಕ್ಕಕ್ಕಿರಲಿ, ಇಲಿಯ ಕತೆ ಕೇಳಿ. ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ವಿಜ್ಞಾನಿ ಡೇವಿಡ್ ಆಂಡರ್ಸನ್ ಅವರ ತಂಡ 2011ರಲ್ಲಿ ಗಂಡಿಲಿಯ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಒಂದು ಪುಟ್ಟ ಭಾಗದ ನರಕೋಶಗಳನ್ನು ಬೆಳಕಿನಿಂದ ಕೆರಳಿಸಿತು. ಇಲಿ ಗಾಳಿ ತುಂಬಿದ ಕೈಗವಸಿನ ಮೇಲೂ ಎರಗಿತು! (ಪಾಪ, ಕೈಗವಸು ಏನು ಮಾಡಿತ್ತೋ.)

ನಿಮ್ಮ ಪ್ರಶ್ನೆಗೆ ಹತ್ತಿರದ್ದು ಅದೇ ತಂಡದ 2023ರ ಅಧ್ಯಯನ. ಅಲ್ಲಿನ ಕೋಶಗಳನ್ನು ಬಿಡಿಬಿಡಿಯಾಗಿ ನೋಡಿದರೆ ಗುಟ್ಟು ಸಿಗದು. ಎಲ್ಲವನ್ನೂ ಒಟ್ಟಿಗೆ ನೋಡಿದಾಗ ಅವುಗಳ ಚಟುವಟಿಕೆಯಲ್ಲಿ ಸಿಟ್ಟಿನ ಒಂದು ಮಟ್ಟ ಕಂಡಿತು: ಇಲಿ ಮೂಸುವಾಗ ಕೆಳಗೆ, ಕಚ್ಚಾಡುವಾಗ ಮೇಲೆ. ನಮ್ಮಜ್ಜಿಯ ಲಾಟೀನಿನ ಬತ್ತಿ ನೆನಪಾಯಿತು. ತಿರುಪಿದಷ್ಟು ಏರುತ್ತಿತ್ತು, ಕೈ ತೆಗೆದರೂ ಅಲ್ಲೇ ನಿಲ್ಲುತ್ತಿತ್ತು. ಇಲಿಯ ಬತ್ತಿ ಮಾತ್ರ ಎದುರಾಳಿ ಹೋದ ಮೇಲೆ ತಾನಾಗಿ ನಿಧಾನಕ್ಕೆ ಇಳಿಯುತ್ತದೆ. ಗಣಿತದವರು ಇದನ್ನು ‘ಲೈನ್ ಅಟ್ರಾಕ್ಟರ್’ ಎನ್ನುತ್ತಾರೆ, ಹೆಸರಿಗೆ ಹೆದರಬೇಡಿ.

2024ರಲ್ಲಿ ಇನ್ನೂ ಮುಂದೆ ಹೋದರು. ಬೇರೆ ಇಲಿಗಳ ಜಗಳ ನೋಡುತ್ತಿದ್ದರೂ ಇದೇ ಮಟ್ಟ ಏರುತ್ತದೆಂದು ಕಂಡು, ಆಯ್ದ ಕೆಲವೇ ಕೋಶಗಳಿಗೆ ಬೆಳಕು ಹಾಯಿಸಿದರು. ಒಂದೊಂದು ಸಲ ಹಾಯಿಸಿದ್ದೂ ಹಿಂದಿನದಕ್ಕೆ ಸೇರಿ ಮಟ್ಟ ಏರುತ್ತ ಹೋಯಿತು, ಬೆಳಕು ಆರಿದ ಮೇಲೂ ಉಳಿಯಿತು.

ಸದ್ಯಕ್ಕೆ ಹುಂಜವನ್ನು ಬುಟ್ಟಿಯಡಿ ಕವುಚಿಡಿ.