ಎಕೋ ರಿಪೋರ್ಟಿನಲ್ಲಿ ‘ಎಲ್‌ಎ 42’ ಅಂದರೆ ಏನು?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮ ಅಮ್ಮನಿಗೆ 58 ವರ್ಷ, ಬಿಪಿ ಇದೆ. ಎಕೋದಲ್ಲಿ (ಹೃದಯದ ಸ್ಕ್ಯಾನ್) ‘ಎಲ್‌ಎ 42 ಎಂಎಂ, ಮೈಲ್ಡ್ ಡೈಲೇಟೆಡ್, ವಾಲ್ವ್ ನಾರ್ಮಲ್, ಇಎಫ್ 60%’ ಎಂದು ಬಂದಿದೆ. ಹಾರ್ಟ್ ದೊಡ್ಡದಾಗಿದೆ ಎಂದು ಯಾರೋ ಹೇಳಿದ್ದೇ ತಡ, ಅಮ್ಮ ವಾಕಿಂಗ್ ಬಿಟ್ಟು ಮಲಗಿಬಿಟ್ಟಿದ್ದಾರೆ. ಏನು ಮಾಡಲಿ?”

ಸಂಪಾದಕರ ಉತ್ತರ:

ಮೊದಲು ಅಮ್ಮನಿಗೆ ಧೈರ್ಯ ಹೇಳಿ. ಇಡೀ ಹೃದಯ ದೊಡ್ಡದಾಗಿದೆ ಎಂದು ರಿಪೋರ್ಟ್ ಹೇಳುತ್ತಿಲ್ಲ. ಎಲ್‌ಎ ಅಂದರೆ ಎಡಭಾಗದ ಮೇಲಿನ ಕೋಣೆ. ಶ್ವಾಸಕೋಶದಿಂದ ಬರುವ ರಕ್ತ ಮೊದಲು ಇಲ್ಲಿಗೆ ಬಂದು, ಮೈಟ್ರಲ್ ವಾಲ್ವ್ ಎಂಬ ಕವಾಟ ದಾಟಿ ಕೆಳಗಿನ ಕೋಣೆಗೆ ಇಳಿಯುತ್ತದೆ. ಹೆಂಗಸರಲ್ಲಿ ಇದರ ಅಳತೆ ಸಾಮಾನ್ಯವಾಗಿ 38 ಎಂಎಂ ಒಳಗಿರುತ್ತದೆ, ಗಂಡಸರಲ್ಲಿ 40. ಹಾಗಾಗಿ 42 ಸ್ವಲ್ಪ ಜಾಸ್ತಿ, ಅಷ್ಟೆ. ಇಎಫ್ 60 ಇರುವುದರಿಂದ ರಕ್ತ ಪಂಪ್ ಮಾಡುವ ಶಕ್ತಿಯೂ ಚೆನ್ನಾಗಿದೆ.

ಹಾಗಂತ ಸುಮ್ನೆ ಬಿಡಬೇಡಿ. ಈ ಕೋಣೆ ಹಿಗ್ಗಿದ್ದರೆ ಅದಕ್ಕೊಂದು ಕಾರಣ ಇರುತ್ತದೆ, ಅದನ್ನು ಹುಡುಕಬೇಕು. ಬಿಪಿ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಕೆಳಗಿನ ಕೋಣೆಯ ಗೋಡೆ ದಪ್ಪವಾಗಿ ಬಿಗಿಯಾಗುತ್ತದೆ. ಆಗ ರಕ್ತ ಸಲೀಸಾಗಿ ಇಳಿಯುವುದಿಲ್ಲ. ಮೇಲಿನ ಕೋಣೆಯಲ್ಲಿ ಒತ್ತಡ ಹೆಚ್ಚಿ ಅದರ ತೆಳುವಾದ ಗೋಡೆ ನಿಧಾನಕ್ಕೆ ಹಿಗ್ಗುತ್ತದೆ. ನಿಮ್ಮ ಅಮ್ಮನ ವಿಷಯದಲ್ಲಿ ನನಗೆ ಮೊದಲ ಅನುಮಾನ ಬಿಪಿ ಮೇಲೆಯೇ. ಮಾತ್ರೆ ದಿನಾ ತೆಗೆದುಕೊಳ್ಳುತ್ತಾರಾ? ತಲೆ ಸುತ್ತಿದ ದಿನ ಮಾತ್ರ ನುಂಗುವವರು ನಮ್ಮಲ್ಲಿ ಬಹಳ ಮಂದಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ವಾಲ್ವ್ ಕಿರಿದಾಗಿಯೂ ಹೀಗಾಗುವುದುಂಟು. ನಿಮ್ಮಲ್ಲಿ ವಾಲ್ವ್ ನಾರ್ಮಲ್ ಇದೆಯಲ್ವಾ, ಆ ಚಿಂತೆ ಬೇಡ.

ಹಿಗ್ಗಿದ ಕೋಣೆಯಲ್ಲಿ ಬಡಿತದ ತಾಳ ತಪ್ಪುವ ಸಾಧ್ಯತೆ ಹೆಚ್ಚು. ನಾನು ಹೆಚ್ಚು ಹೆದರುವುದು ಇದಕ್ಕೆ. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತಾರೆ. ಕೋಣೆ ಸರಿಯಾಗಿ ಕುಗ್ಗದೆ ಬರೀ ಅದುರುತ್ತದೆ. ಅದಕ್ಕಂಟಿದ ಚಿಕ್ಕ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಎಷ್ಟೋ ಜನರಿಗೆ ತಾಳ ತಪ್ಪಿದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ನಾಡಿ ನೋಡುವುದನ್ನು ಕಲಿಯಿರಿ. ಅಮ್ಮ ಐದು ನಿಮಿಷ ಕೂತು ಸುಧಾರಿಸಿಕೊಳ್ಳಲಿ. ಅವರ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ನಿಮ್ಮ ತೋರುಬೆರಳು, ನಡುಬೆರಳು ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಒಮ್ಮೆ ಬೇಗ, ಒಮ್ಮೆ ತಡ, ಲೆಕ್ಕಕ್ಕೇ ಸಿಗದಂತೆ ಬಡಿಯುತ್ತಿದ್ದರೆ ತಡಮಾಡದೆ ಇಸಿಜಿ ಮಾಡಿಸಿ.

ಮಲಗಿದರೆ ಉಸಿರಾಡಲು ಕಷ್ಟವಾದರೆ, ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ ಕಾಯಬೇಡಿ, 108ಕ್ಕೆ ಕರೆ ಮಾಡಿ.

ಇವೇನೂ ಇಲ್ಲದಿದ್ದರೆ ವೈದ್ಯರನ್ನು ಒಂದು ಮಾತು ಕೇಳಿ ವಾಕಿಂಗ್ ಮತ್ತೆ ಶುರು ಮಾಡಿಸಿ. ಉಪ್ಪಿನಕಾಯಿ, ಹಪ್ಪಳ ಕಡಿಮೆಯಾಗಲಿ. ಮುಂದಿನ ಎಕೋ ಯಾವಾಗ ಎಂದೂ ಕೇಳಿಕೊಳ್ಳಿ. ಹೋಗುವಾಗ ಈ ರಿಪೋರ್ಟ್ ಮರೆಯದೆ ಒಯ್ಯಿರಿ. 42 ಅಲ್ಲೇ ನಿಂತಿದೆಯೋ, ಬೆಳೆದಿದೆಯೋ ಎಂದು ತಿಳಿಯಲು ವೈದ್ಯರಿಗೆ ಅದು ಬೇಕಾಗುತ್ತದೆ.